ಊಟಿ ಯಾರ ನೆಲ?

ಬೇಸಿಗೆ ರಜೆ ಶುರುವಾದರೆ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಯತ್ತ ಹೊರಟ ನಮ್ಮ ಕಾರು, ಬಸ್ಸುಗಳ ಸಾಲು ಮುಗಿಯುವುದೇ ಇಲ್ಲ. ಹೋದವರಿಗೆ ಸಾಮಾನ್ಯವಾಗಿ ಸಿಗುವ ಕಥೆ ಒಂದೇ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ, ಕಲ್ಲಿನ ಬಂಗಲೆ ಕಟ್ಟಿಸಿದ, ಕೆರೆ ಮಾಡಿಸಿದ, ಊರು ಹುಟ್ಟಿತು. ಅವನು ಹತ್ತುವ ಹೊತ್ತಿಗಾಗಲೇ ಅಲ್ಲಿ ತೋಡರು ಎಮ್ಮೆ ಮೇಯಿಸುತ್ತಿದ್ದರು, ಕೋತರು ಕಮ್ಮಾರಿಕೆ ಮಾಡುತ್ತಿದ್ದರು, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಹೊಲ ಉಳುತ್ತಿದ್ದರು. ಟಿಪ್ಪು ಮಡಿದ 1799ರವರೆಗೆ ಆ ಬೆಟ್ಟ ಮೈಸೂರಿನ ಆಳ್ವಿಕೆಯಲ್ಲೇ ಇತ್ತು.

ಸಲಿವನ್ ತೋಡರಿಂದ ನೆಲ ಕೊಂಡದ್ದು ಎಕರೆಗೆ ಒಂದು ರೂಪಾಯಿಯಂತೆ ಎನ್ನುತ್ತಾರೆ. ಬೆಲೆ ಅನ್ಯಾಯದ್ದೇ. ಆದರೂ ದುಡ್ಡು ಕೊಟ್ಟಾಗ ನೆಲ ಅವರದೆಂದು ಒಪ್ಪಿದಂತಾಯಿತು. ಅವರ ಹಕ್ಕಿಗಾಗಿ ಆತ ಮುಂದೆ ಮದ್ರಾಸ್ ಸರ್ಕಾರದೊಡನೆ ವಾದಿಸಿದ್ದೂ ಉಂಟು. ಆ ವಾದ ನಡೆಯಲಿಲ್ಲ. ತೋಡರಿಗೆ ಉಳಿದದ್ದು ದನ ಮೇಯಿಸುವ ಹಕ್ಕು ಮಾತ್ರ. ಆಮೇಲೆ ಹುಲ್ಲುಗಾವಲುಗಳಿಗೆ ಆಸ್ಟ್ರೇಲಿಯಾದ ನೀಲಗಿರಿ, ವ್ಯಾಟಲ್ ಮರಗಳು ನುಗ್ಗಿದವು. ಎಮ್ಮೆಗಳ ಮೇವೂ ಹೋಯಿತು. 1848ರಲ್ಲಿ ತೋಟಗಾರ ಮೆಕೈವರ್ ಕೈಗೆತ್ತಿಕೊಂಡ ಸಸ್ಯೋದ್ಯಾನದ ಮೇಲ್ಭಾಗದಲ್ಲಿ ಇಂದಿಗೂ ತೋಡರ ಮಂದ್ (ಹಟ್ಟಿ) ಒಂದಿದೆ. ಅವರ ಹಳೆಯ ಮನೆಯೆಂದರೆ ಬಿದಿರು, ಬೆತ್ತ ಬಾಗಿಸಿ ಹುಲ್ಲು ಹೊದಿಸಿದ ಕಮಾನು. ಬಾಗಿಲು ಎಷ್ಟು ಚಿಕ್ಕದೆಂದರೆ ತೆವಳಿಕೊಂಡೇ ಒಳಹೋಗಬೇಕು. ಹೂವಿನ ಪಾತಿ ನೋಡಿ ದಣಿದ ಪ್ರವಾಸಿಗರಲ್ಲಿ ಅಲ್ಲಿಯವರೆಗೆ ಹತ್ತುವವರು ಕಡಿಮೆ.

ಬಯಲುಸೀಮೆಯ ಬಿಸಿಲು ಬಿಳಿಯರ ವಂಶವನ್ನೇ ಕೆಡಿಸುತ್ತದೆಂಬ ಅಂದಿನ ನಂಬಿಕೆಯಿಂದ ಬೆಳೆದ ಊರು ಇದು. ಬಿಳಿಯರಲ್ಲೂ ಪಂಕ್ತಿಭೇದವಿತ್ತು. ಗವರ್ನರ್, ದೊಡ್ಡ ಅಧಿಕಾರಿಗಳು ಊಟಿಯಲ್ಲಿ; ಸಾಮಾನ್ಯ ಸಿಪಾಯಿಗಳು ಜಕ್ಕತಲ್ಲದ ಬ್ಯಾರಕ್ಕಿನಲ್ಲಿ (ಆ ಬಡಗ ಹೆಸರನ್ನೂ ಅಳಿಸಿ ವೆಲ್ಲಿಂಗ್ಟನ್ ಎಂದಿಟ್ಟರು); ಸಿಪಾಯಿಗಳ ಅನಾಥ ಮಕ್ಕಳು 1858ರಲ್ಲಿ ಶುರುವಾದ ಲಾರೆನ್ಸ್ ಆಶ್ರಮದಲ್ಲಿ. 1841ರ ಊಟಿ ಕ್ಲಬ್ಬಿನಲ್ಲಿ ನಮ್ಮವರು ಬಹುಕಾಲ ಕಂಡದ್ದು ಬಟ್ಲರ್, ಅಡುಗೆಯವ, ಕುದುರೆ ನೋಡಿಕೊಳ್ಳುವವನಾಗಿ. 1899ರಲ್ಲಿ ರೈಲು ಕೂನೂರು ಮುಟ್ಟುವ ಮೊದಲು ದೊರೆಸಾನಿಯರನ್ನು ಘಾಟಿ ಹತ್ತಿಸಿದ ಭುಜಗಳೂ ಈ ನೆಲದವರವೇ. ಹೋದವರಿಗೆ ಸಿಗುವ ಕಥೆಯಲ್ಲಿ ಅವರ ಹೆಸರಿಲ್ಲ.

ಇದೆಲ್ಲ ಮುಗಿದ ಕಥೆಯೆಂದು ಕೈ ತೊಳೆದುಕೊಳ್ಳುವಂತಿಲ್ಲ. ಕ್ಲಬ್ಬಿನ ಆ ಭೇದ ಉಡುಪಿನ ರೂಪದಲ್ಲಿ ಉಳಿದುಬಂತು. ಪಂಚೆ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಬಾಗಿಲಲ್ಲಿ ತಡೆಯಿತು. ತಮಿಳುನಾಡು ಅದೇ ವರ್ಷ ಕಾನೂನು ತಂದು ಇಂಥ ನಿರ್ಬಂಧ ನಿಷೇಧಿಸಬೇಕಾಯಿತು. ಹತ್ತು ವರ್ಷದ ಮೇಲೆ, ಬೆಂಗಳೂರಿನ ಮಾಲೊಂದರ ಬಾಗಿಲಲ್ಲಿ ಪಂಚೆ ಉಟ್ಟ ಹಾವೇರಿಯ ರೈತರೊಬ್ಬರು ಅದೇ ಅವಮಾನ ಉಂಡರು. ಸಾಹೇಬರು ಬಿಟ್ಟುಹೋದ ಉಡುಪಿನ ನಿಯಮವನ್ನು ನಾವೇ ಸಾಕಿಕೊಂಡಿದ್ದೇವೆ. ಇದರ ಹೊಣೆ ಈಗ ನಮ್ಮದೇ.

ಸಸ್ಯೋದ್ಯಾನದ ಮುಂಬಾಗಿಲಲ್ಲೇ ತೋಡರ, ಕೋತರ, ಬಡಗರ ಹೆಸರು ಎದ್ದುಕಾಣುವಂತೆ ಬರೆಸಬೇಕೆಂದು ತಮಿಳುನಾಡು ಸರ್ಕಾರವನ್ನು ಒತ್ತಾಯಿಸುತ್ತೇವೆ. ಈ ಬೇಸಿಗೆಯಲ್ಲಿ ಊಟಿಗೆ ಹೊರಡುವ ಓದುಗರಲ್ಲಿಯೂ ಒಂದು ಕೋರಿಕೆ: ಮಕ್ಕಳಿಗೆ ಸಲಿವನ್ ಕಥೆ ಹೇಳುವ ಮೊದಲು ತೋಡರ ಕಥೆ ಹೇಳಿ.