ಪ್ಯಾಡ್ ಕಂಟ್ರೋಲರ್ ವಿನ್ಯಾಸ: ಬಾಳಿಕೆಯೇ ನಿಜವಾದ ಬಂಡವಾಳ

ಕಂಪ್ಯೂಟರಿನ ನೆರವಿನಿಂದ ಸಂಗೀತ ಸಂಯೋಜಿಸುವವರ ಮೇಜಿನ ಮೇಲೆ ಇಂದು ಸಾಮಾನ್ಯವಾಗಿ ಕಾಣಬರುವ ಉಪಕರಣವೆಂದರೆ ಪ್ಯಾಡ್ ಕಂಟ್ರೋಲರ್. ಚೌಕಾಕಾರದ ರಬ್ಬರ್ ಪ್ಯಾಡುಗಳನ್ನು ಸಾಲುಸಾಲಾಗಿ ಜೋಡಿಸಿರುವ ಈ ಪೆಟ್ಟಿಗೆ ತಾನಾಗಿ ಯಾವ ನಾದವನ್ನೂ ಹೊಮ್ಮಿಸುವುದಿಲ್ಲ. ಬೆರಳಿನ ಪೆಟ್ಟನ್ನು ಅಂಕಿಯನ್ನಾಗಿ ಪರಿವರ್ತಿಸಿ ತಂತ್ರಾಂಶಕ್ಕೆ ತಲುಪಿಸುವುದಷ್ಟೇ ಅದರ ಕೆಲಸ. ಮಾರುಕಟ್ಟೆಗೆ ಬರುವ ಹೊಸ ಮಾದರಿಗಳಲ್ಲಿ ಬಣ್ಣದ ದೀಪಗಳು, ಗುಂಡಿಗಳು, ಪರದೆಗಳು ಹೆಚ್ಚುತ್ತಲೇ ಇವೆ. ಆದರೆ ಉತ್ತಮ ವಿನ್ಯಾಸದ ಅಳತೆಗೋಲು ಸೌಲಭ್ಯಗಳ ಸಂಖ್ಯೆಯಲ್ಲ. ಪ್ಯಾಡಿನ ಸ್ಪಂದನ, ಸವೆದ ಭಾಗವನ್ನು ಬದಲಿಸುವ ಅನುಕೂಲ ಮತ್ತು ಯಾವುದೇ ತಂತ್ರಾಂಶದೊಡನೆ ಕೆಲಸ ಮಾಡುವ ಶಕ್ತಿ, ಈ ಮೂರನ್ನು ಆಧರಿಸಿಯೇ ಅದರ ಮೌಲ್ಯವನ್ನು ನಿರ್ಧರಿಸಬೇಕು.

ಈ ಉದ್ಯಮದ ಇತಿಹಾಸವೇ ಇದಕ್ಕೆ ಸಾಕ್ಷಿ. ಅಮೆರಿಕದ ರೋಜರ್ ಲಿನ್ 1980ರಲ್ಲಿ ಎಲ್ಎಂ-1 ಎಂಬ ಡ್ರಮ್ ಯಂತ್ರವನ್ನು ಮಾರುಕಟ್ಟೆಗೆ ತಂದರು. 1984ರಲ್ಲಿ ಅವರು ಹೊರತಂದ ಲಿನ್ 9000 ಯಂತ್ರದಲ್ಲಿ ಪೆಟ್ಟಿನ ಬಲವನ್ನು ಗುರುತಿಸುವ ಪ್ಯಾಡುಗಳಿದ್ದವು. ಕಲ್ಪನೆ ಉತ್ಕೃಷ್ಟವಾಗಿದ್ದರೂ ತಾಂತ್ರಿಕ ದೋಷಗಳಿಂದಾಗಿ ಆ ಯಂತ್ರ ಗ್ರಾಹಕರ ವಿಶ್ವಾಸ ಗಳಿಸಲಿಲ್ಲ. 1986ರಲ್ಲಿ ಸಂಸ್ಥೆಯೇ ಮುಚ್ಚಿತು. ಬಳಿಕ ಜಪಾನಿನ ಅಕಾಯ್ ಸಂಸ್ಥೆ ಅವರೊಡನೆ ಕೈಜೋಡಿಸಿ 1988ರಲ್ಲಿ ಎಂಪಿಸಿ-60 ಯಂತ್ರವನ್ನು ಬಿಡುಗಡೆ ಮಾಡಿತು. ಸಾಲಿಗೆ 4ರಂತೆ 4 ಸಾಲುಗಳಲ್ಲಿ ಜೋಡಿಸಿದ ಅದರ 16 ಪ್ಯಾಡುಗಳ ವಿನ್ಯಾಸವನ್ನು ಇಂದಿಗೂ ಅನೇಕ ತಯಾರಕರು ಅನುಸರಿಸುತ್ತಿದ್ದಾರೆ. ಡೆಟ್ರಾಯ್ಟಿನ ಸಂಗೀತ ನಿರ್ಮಾಪಕ ಜೆ. ಡಿಲ್ಲಾ ಬಳಸುತ್ತಿದ್ದ ಎಂಪಿಸಿ-3000 ಯಂತ್ರವು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸಮೂಹದ ಸಂಗ್ರಹದಲ್ಲಿದೆ. ಹೊಸತನ ಗ್ರಾಹಕನನ್ನು ಅಂಗಡಿಯವರೆಗೆ ಕರೆತರಬಹುದು; ಅವನನ್ನು ಉಳಿಸಿಕೊಳ್ಳುವುದು ನಂಬಿಕೆಗೆ ಅರ್ಹವಾದ ಯಂತ್ರ ಮಾತ್ರ.

ಪ್ಯಾಡಿನ ಒಳರಚನೆಯನ್ನು ತಿಳಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾಮಾನ್ಯ ರಚನೆಯಲ್ಲಿ ಸಿಲಿಕೋನ್ ರಬ್ಬರಿನ ಹೊದಿಕೆಯ ಕೆಳಗೆ ತೆಳುವಾದ ಸೆನ್ಸರ್ ಪದರವಿರುತ್ತದೆ. ಒತ್ತಡ ಹೆಚ್ಚಿದಂತೆ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಒಳಗಿನ ಚಿಪ್ ಅದನ್ನು ಅಳೆದು, ಪೆಟ್ಟಿನ ಬಲಕ್ಕೆ ತಕ್ಕಂತೆ 1ರಿಂದ 127ರವರೆಗಿನ ಒಂದು ಅಂಕಿಯನ್ನು ಕಳುಹಿಸುತ್ತದೆ. ತೊಡಕುಗಳು ಹುಟ್ಟುವುದು ಇಲ್ಲಿಯೇ. ಒಂದು ಪೆಟ್ಟು ಎರಡಾಗಿ ದಾಖಲಾಗಬಹುದು. ಪಕ್ಕದ ಪ್ಯಾಡಿನ ಕಂಪನಕ್ಕೆ ಈ ಪ್ಯಾಡೂ ನುಡಿಯಬಹುದು. ನಡುವಿನಲ್ಲಿ ಸರಿಯಾಗಿ ಕೆಲಸ ಮಾಡುವ ಪ್ಯಾಡ್ ಮೂಲೆಯಲ್ಲಿ ಮೌನವಾಗಿರಬಹುದು. ಮೃದುವಾದ ಪೆಟ್ಟನ್ನು ಗುರುತಿಸದ ಯಂತ್ರದಲ್ಲಿ ಕಲಾವಿದನ ಕೈಚಳಕಕ್ಕೆ ಬೆಲೆಯೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಪ್ರತಿಯೊಂದು ಪ್ಯಾಡನ್ನೂ ಪ್ರತ್ಯೇಕವಾಗಿ ಅಳೆದು ಹೊಂದಿಸುವುದು, ಸ್ಪಂದನದ ಮಟ್ಟವನ್ನು ಬಳಕೆದಾರನೇ ಬದಲಿಸಿಕೊಳ್ಳಲು ಅವಕಾಶ ನೀಡುವುದು ಇದಕ್ಕೆ ಪರಿಹಾರ. ಇವೆರಡೂ ಜಾಹೀರಾತಿನ ಚಿತ್ರದಲ್ಲಿ ಕಾಣುವ ಗುಣಗಳಲ್ಲವಾದುದರಿಂದ ವೆಚ್ಚ ಕಡಿತದ ಸಂದರ್ಭದಲ್ಲಿ ಮೊದಲು ಬಲಿಯಾಗುತ್ತವೆ.

ದಿನವೂ ಸಾವಿರಾರು ಪೆಟ್ಟು ತಿನ್ನುವ ಪ್ಯಾಡ್ ಸವೆಯುವುದು ಸಹಜ. ಸವೆತವನ್ನು ಮೊದಲೇ ಒಪ್ಪಿಕೊಂಡು ವಿನ್ಯಾಸ ಮಾಡಲಾಗಿದೆಯೇ ಎಂಬುದು ಮುಖ್ಯ ಪ್ರಶ್ನೆ. ನಾಲ್ಕು ಸ್ಕ್ರೂ ಬಿಚ್ಚಿದರೆ ರಬ್ಬರ್ ಹಾಳೆ ಮತ್ತು ಸೆನ್ಸರ್ ಪದರ ಕೈಗೆ ಬರುವಂತಿದ್ದರೆ ದುರಸ್ತಿ ಸುಲಭ. ಅವನ್ನು ಅಂಟಿನಿಂದ ಕೂಡಿಸಿ, ಸೆನ್ಸರನ್ನು ಮುಖ್ಯ ಸರ್ಕ್ಯೂಟ್ ಹಲಗೆಯೊಡನೆ ಬೇರ್ಪಡಿಸಲಾಗದಂತೆ ಬೆಸೆದರೆ, ಅಲ್ಪ ಬೆಲೆಯ ಭಾಗ ಕೆಟ್ಟಾಗ ಇಡೀ ಹಲಗೆಯನ್ನೇ ಬದಲಿಸಬೇಕಾಗುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಹಳೆಯ ಎಂಪಿಸಿ ಯಂತ್ರಗಳಿಗೆ ಹೊಸ ಪ್ಯಾಡು, ಸೆನ್ಸರುಗಳನ್ನು ಒದಗಿಸುವುದನ್ನೇ ವೃತ್ತಿಯಾಗಿಸಿಕೊಂಡ ಸಣ್ಣ ವ್ಯಾಪಾರಿಗಳು ವಿದೇಶಗಳಲ್ಲಿದ್ದಾರೆ. ಮೂಲ ತಯಾರಕರು ಕೈಬಿಟ್ಟ ಬಿಡಿಭಾಗದ ವ್ಯಾಪಾರವನ್ನು ಅವರು ಬಳಸಿಕೊಳ್ಳುತ್ತಿದ್ದಾರೆ ಎಂಬುದು ಗಮನಾರ್ಹ.

ಲೆಕ್ಕಪತ್ರದ ದೃಷ್ಟಿಯಿಂದಲೂ ಇದು ಮಹತ್ವದ್ದು. ಖಾತರಿ ಕೊಟ್ಟು ಮಾರಿದ ಪ್ರತಿಯೊಂದು ಯಂತ್ರವೂ ಮುಂದಿನ ವೆಚ್ಚವೊಂದನ್ನು ಹೊತ್ತುಕೊಂಡೇ ಮಳಿಗೆಯಿಂದ ಹೊರಬೀಳುತ್ತದೆ. ಆ ಹೊಣೆಗಾಗಿ ಮೊತ್ತವನ್ನು ಮುಂಚಿತವಾಗಿ ಕಾಯ್ದಿರಿಸುವುದು ಲೆಕ್ಕಪತ್ರದ ನಿಯಮ. ತಯಾರಿಕೆಯ ಹಂತದಲ್ಲಿ ಉಳಿಸಿದ ಅಲ್ಪ ಹಣ ಖಾತರಿಯ ಖಾತೆಯಲ್ಲಿ ಹಲವು ಪಟ್ಟಾಗಿ ಹೊರಹೋದರೆ ಅದನ್ನು ಉಳಿತಾಯವೆನ್ನಲಾಗದು.

ಇನ್ನು ಹೊಂದಾಣಿಕೆಯ ಪ್ರಶ್ನೆ. 1983ರಲ್ಲಿ ಪರಸ್ಪರ ಸ್ಪರ್ಧಿಗಳಾಗಿದ್ದ ವಾದ್ಯ ತಯಾರಕರು ಒಮ್ಮತದಿಂದ ಮಿಡಿ ಎಂಬ ಸಂವಹನ ಮಾನಕವನ್ನು ಜಾರಿಗೆ ತಂದರು. ಅಮೆರಿಕದ ಡೇವ್ ಸ್ಮಿತ್ ಹಾಗೂ ಜಪಾನಿನ ಇಕುತಾರೊ ಕಾಕೆಹಾಶಿ ಇದರ ಮುಂಚೂಣಿಯಲ್ಲಿದ್ದರು. ಬಳಕೆಗೆ ಶುಲ್ಕ ವಿಧಿಸದೆ ಮುಕ್ತವಾಗಿ ನೀಡಿದ್ದರಿಂದ ಎಲ್ಲರ ಮಾರುಕಟ್ಟೆಯೂ ವಿಸ್ತರಿಸಿತು. ಯುಎಸ್‌ಬಿ ಮೂಲಕ ಮಿಡಿ ಸಾಗಿಸುವ ಮಾನಕ 1999ರಲ್ಲಿ ಪ್ರಕಟವಾಯಿತು. ಅದನ್ನು ಪಾಲಿಸುವ ಕಂಟ್ರೋಲರಿಗೆ ಪ್ರತ್ಯೇಕ ಡ್ರೈವರ್ ತಂತ್ರಾಂಶವೇ ಬೇಕಿಲ್ಲ. ತಯಾರಕರ ಸ್ವಂತ ತಂತ್ರಾಂಶವನ್ನೇ ನೆಚ್ಚಿದ ಯಂತ್ರಗಳ ಸ್ಥಿತಿ ಬೇರೆ. 2019ರಲ್ಲಿ ಆಪಲ್ ಸಂಸ್ಥೆ ತನ್ನ ಕೆಟಲೀನಾ ಆವೃತ್ತಿಯಲ್ಲಿ 32-ಬಿಟ್ ತಂತ್ರಾಂಶಗಳಿಗೆ ಬೆಂಬಲ ನಿಲ್ಲಿಸಿತು. ಅಂಥ ಹಳೆಯ ಹೊಂದಾಣಿಕೆ ತಂತ್ರಾಂಶವನ್ನು ನವೀಕರಿಸದೆ ಬಿಟ್ಟ ಕಡೆಗಳಲ್ಲಿ, ಪ್ಯಾಡು ಸವೆಯದಿದ್ದರೂ ಯಂತ್ರದ ಉಪಯುಕ್ತತೆ ಸವೆಯಿತು.

ಒಂದೇ ತಂತ್ರಾಂಶಕ್ಕೆ ಹೊಂದಿಸಿದ ಯಂತ್ರವೇ ಹೆಚ್ಚು ಸುಗಮವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. 2009ರಲ್ಲಿ ಬಂದ ನೊವೇಶನ್ ಲಾಂಚ್‌ಪ್ಯಾಡ್, ನೇಟಿವ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಮಷೀನ್, 2013ರಲ್ಲಿ ಬಂದ ಏಬಲ್ಟನ್ ಪುಶ್ ಇವೆಲ್ಲ ಜನಪ್ರಿಯವಾದದ್ದು ಆ ಸಾಮರಸ್ಯದಿಂದಲೇ. ಆದರೆ ಸಾಮರಸ್ಯವೆಂದರೆ ಬಂಧನವಾಗಬೇಕಿಲ್ಲ. 2015ರ ಪುಶ್-2 ಮಾದರಿಯ ಪ್ಯಾಡು, ದೀಪ, ಪರದೆಗಳನ್ನು ಇತರ ತಂತ್ರಾಂಶಗಳಿಂದ ನಿಯಂತ್ರಿಸುವ ವಿವರಗಳನ್ನು ಏಬಲ್ಟನ್ ಸಾರ್ವಜನಿಕವಾಗಿ ಪ್ರಕಟಿಸಿತು. 2023ರ ಪುಶ್-3ರಲ್ಲಿ, ಕಂಪ್ಯೂಟರಿಗೆ ಜೋಡಿಸಿ ಬಳಸುವ ಮಾದರಿಯನ್ನು ಕೊಂಡವರು ಮುಂದೆ ಕಿಟ್ ಅಳವಡಿಸಿ ಅದನ್ನೇ ಸ್ವತಂತ್ರ ಯಂತ್ರವಾಗಿಸಿಕೊಳ್ಳುವ ಅವಕಾಶ ಕಲ್ಪಿಸಿತು. ಹಳೆಯ ಗ್ರಾಹಕನ ಬಂಡವಾಳವನ್ನು ರಕ್ಷಿಸಿಯೂ ಹೊಸ ವಹಿವಾಟು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಬಳಕೆದಾರನ ಸಂಗೀತ ಪದ್ಧತಿಯೂ ವಿನ್ಯಾಸದ ಭಾಗವೇ. 16 ಪ್ಯಾಡುಗಳ, 16 ಹೆಜ್ಜೆಗಳ ಚೌಕಟ್ಟು ನಾಲ್ಕರ ಲೆಕ್ಕದ ತಾಳಕ್ಕೆ ಚೆನ್ನಾಗಿ ಒಪ್ಪುತ್ತದೆ. ಏಳರ ಮಿಶ್ರ ಚಾಪು, ಐದರ ಖಂಡ ಚಾಪು ಅದರಲ್ಲಿ ಸರಾಗವಾಗಿ ಕೂರುವುದಿಲ್ಲ. ಸಾಲಿನ ಉದ್ದವನ್ನು ತಾಳಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಸೌಲಭ್ಯವನ್ನು ಗುಂಡಿಯೊಂದರ ದೂರದಲ್ಲಿ ಇರಿಸುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ಸ್ವತಃ ಕೊಳಲು ವಾದಕರಾದ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ, ತಬಲಾ ಯಂತ್ರಗಳು ಸಂಗೀತಗಾರರ ಮನೆ ತಲುಪಿದ್ದು ಇಂಥದೇ ಅಗತ್ಯವನ್ನು ಅರಿತಿದ್ದರಿಂದ. ಬಳಕೆದಾರನ ಕೈಯನ್ನು ಬಲ್ಲ ಸಣ್ಣ ತಯಾರಕನಿಗೂ ಈ ಕ್ಷೇತ್ರದಲ್ಲಿ ಸ್ಥಾನವಿದೆ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಯಂತ್ರ ಬಹುಕಾಲ ಬಾಳಿದರೆ ಮರುಮಾರಾಟ ಕುಗ್ಗೀತೆಂಬ ಭಯ ವ್ಯಾಪಾರಿಗಳಲ್ಲಿ ಸಹಜ. ಆದರೆ ಹಳೆಯದಾದರೂ ಬೆಲೆ ಉಳಿಸಿಕೊಳ್ಳುವ ಯಂತ್ರವನ್ನು ಹೊಸದಾಗಿ ಕೊಳ್ಳಲು ಗ್ರಾಹಕ ಹಿಂಜರಿಯುವುದಿಲ್ಲ. ಬಿಡಿಭಾಗಗಳ ಮಾರಾಟವೂ ನಿರಂತರ ಆದಾಯ ತರುತ್ತದೆ. ಆದುದರಿಂದ ತಯಾರಕರು ವಿನ್ಯಾಸದ ನಕ್ಷೆಗೆ ಸಹಿ ಹಾಕುವ ಮೊದಲೇ ಬದಲಿಸಬಹುದಾದ ಭಾಗಗಳ ಪಟ್ಟಿ, ಅವುಗಳ ಬೆಲೆ, ಎಷ್ಟು ವರ್ಷ ಒದಗಿಸಲಾಗುವುದೆಂಬ ಭರವಸೆ ಇವನ್ನು ಲಿಖಿತವಾಗಿ ನಿಗದಿಪಡಿಸಬೇಕು. ವಿತರಕರು ಸರಕಿಗೆ ಬೇಡಿಕೆ ಸಲ್ಲಿಸುವ ಮುನ್ನ ಆ ಪಟ್ಟಿಯನ್ನು ಕೇಳಿ ಪಡೆಯಬೇಕು. ಪಟ್ಟಿ ಕೊಡಲು ಹಿಂಜರಿಯುವ ತಯಾರಕರ ಸರಕನ್ನು ದಾಸ್ತಾನು ಮಾಡುವುದು, ದೀಪಗಳೆಷ್ಟೇ ಬೆಳಗಿದರೂ, ಕ್ಷೇಮಕರವಲ್ಲ.