ಪಾಸು ಕೊಳ್ಳುವ ಮುನ್ನ ಪಟ್ಟಿ ಬರೆಯಿರಿ

ಹಾಸನದ ಸೋದರಿಯೊಬ್ಬರಿಂದ ಉದ್ದದ ಪತ್ರ ಬಂದಿದೆ. ಮಗಳು ಅಳಿಯ ಟೋಕಿಯೋದಲ್ಲಿದ್ದಾರೆ. ಬಾಣಂತನಕ್ಕೆಂದು ಗಂಡ ಹೆಂಡತಿ ಹೊರಟಿದ್ದಾರೆ. "ಎರಡೂವರೆ ತಿಂಗಳು ಇರುತ್ತೀವಿ. ವಾಪಸು ಬರೋ ಮುಂಚೆ ನಾಲ್ಕು ದಿನ ಕ್ಯೋಟೋ, ಹಿರೋಶಿಮಾ ನೋಡಿಬರೋಣ ಅಂತಾರೆ ನಮ್ಮವರು. ಏಜೆಂಟರು ಜಪಾನ್ ರೈಲ್ ಪಾಸ್ ಇಲ್ಲೇ ಕೊಂಡುಬಿಡಿ ಅಂತಾರೆ. ಅಳಿಯಂದಿರು ಕಾರ್ಡು ಸಾಕು ಅಂತಾರೆ. ನಾನು ಚೀಟಿ ಹಾಕಿ ಕೂಡಿಟ್ಟ ದುಡ್ಡು. ಯಾರ ಮಾತು ಕೇಳಲಿ?" ಎಂದು ಕೇಳಿದ್ದಾರೆ.

ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ ತಾಯಿ. ಮೊದಲು ಒಂದು ಹಾಳೆ ತೆಗೆದುಕೊಂಡು ಎಲ್ಲಿಂದ ಎಲ್ಲಿಗೆ, ಯಾವ ದಿನ ಅಂತ ಬರೆಯಿರಿ. ಮದುವೆ ಮನೆಗೆ ದಿನಸಿ ಪಟ್ಟಿ ಬರೆಯದೆ ಅಂಗಡಿಗೆ ಹೋಗುತ್ತೀವಾ?

ಹಿಂದೆ ಈ ಪಾಸು ಕಣ್ಣುಮುಚ್ಚಿ ಕೊಳ್ಳುವಂಥದ್ದೇ ಆಗಿತ್ತು. ಏಳು ದಿನದ ಸಾಮಾನ್ಯ ದರ್ಜೆಯ ಪಾಸಿಗೆ 29,650 ಯೆನ್ ಇತ್ತು. 2023ರ ಅಕ್ಟೋಬರ್ 1ರಿಂದ ಅದು ಒಂದೇ ಏಟಿಗೆ 50,000 ಯೆನ್ ಆಯಿತು. ನಮ್ಮ ಲೆಕ್ಕದಲ್ಲಿ ತಲೆಗೆ ಇಪ್ಪತ್ತೆಂಟು, ಮೂವತ್ತು ಸಾವಿರ ರೂಪಾಯಿ. ಹಳೆಯ ಪ್ರವಾಸಿಗಳ ಮಾತು ಕೇಳಿ ಈಗಲೂ ಅನೇಕರು ಕೊಳ್ಳುತ್ತಾರೆ.

ನಿಮ್ಮ ದಾರಿಯನ್ನೇ ಕೂಡೋಣ. ಬುಲೆಟ್ ರೈಲಿನಲ್ಲಿ ಟೋಕಿಯೋದಿಂದ ಕ್ಯೋಟೋಗೆ ಸುಮಾರು 14,000 ಯೆನ್. ಕ್ಯೋಟೋದಿಂದ ಹಿರೋಶಿಮಾಗೆ ಹನ್ನೊಂದೂವರೆ ಸಾವಿರದ ಆಸುಪಾಸು. ಹಿರೋಶಿಮಾದಿಂದ ನೇರ ಟೋಕಿಯೋಗೆ ಹತ್ತೊಂಬತ್ತು, ಹತ್ತೊಂಬತ್ತೂವರೆ ಸಾವಿರ. ಒಟ್ಟು ನಲವತ್ತೈದು ಸಾವಿರ ಯೆನ್ ಆಯಿತು. ಅಷ್ಟು ಸುತ್ತಿದರೂ ಪಾಸಿನ ಬೆಲೆ ಹುಟ್ಟಲಿಲ್ಲ ನೋಡಿ! ಬರೀ ಕ್ಯೋಟೋಗೆ ಹೋಗಿಬಂದರಂತೂ 28,000ದಲ್ಲಿ ಮುಗಿಯಿತು. ಒಂದೇ ವಾರದಲ್ಲಿ ಪಶ್ಚಿಮದ ಹಕಾತಾವರೆಗೂ ಹೋಗಿಬಂದು, ಉತ್ತರದ ಸೆಂಡಾಯಿಗೂ ಓಡುವವರಿಗೆ ಪಾಸು ಲಾಭವೇ. ಆದರೆ ಮಂಡಿನೋವು ಇಟ್ಟುಕೊಂಡು ಹಾಗೆ ಓಡುವುದು ಪ್ರವಾಸವೋ ಪ್ರಾಯಶ್ಚಿತ್ತವೋ?

ಪಾಸಿನ ಇನ್ನೊಂದು ಸಂಗತಿಯನ್ನು ಏಜೆಂಟರು ಹೇಳಿದರೋ ಇಲ್ಲವೋ. ನಮ್ಮೂರಿನಲ್ಲಿ ಕೊಂಡಾಗ ಕೈಗೆ ಬರುವುದು ಪಾಸಲ್ಲ, ಒಂದು ಚೀಟಿ. ಅದನ್ನು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನಿನ ದೊಡ್ಡ ನಿಲ್ದಾಣದಲ್ಲಿ ಕೊಟ್ಟು ಪಾಸು ಪಡೆಯಬೇಕು. ಹೊರಡುವುದಕ್ಕೆ ಒಂದು ತಿಂಗಳು ಮುಂಚೆ ಕೊಂಡು, ಎರಡೂವರೆ ತಿಂಗಳು ಬಾಣಂತನ ಮಾಡಿ, ಆಮೇಲೆ ನೆನಪಾಗಿ ಚೀಟಿ ತೆಗೆದರೆ ಅವಧಿ ಮುಗಿದಿರುತ್ತದೆ. ಮಗಳಿಗೂ ಈ ಪಾಸು ಸಿಕ್ಕುವುದಿಲ್ಲ. ಇದು ಅಲ್ಪಕಾಲದ ಭೇಟಿಗೆ ಬಂದವರಿಗೆ ಮಾತ್ರ, ಕೆಲಸಕ್ಕೆ ನೆಲೆಸಿದವರಿಗಲ್ಲ. ಎಲ್ಲಕ್ಕಿಂತ ವೇಗದ 'ನೊಜೊಮಿ' ರೈಲನ್ನು ಪಾಸಿನವರು ಹತ್ತಬೇಕಾದರೆ ಮೇಲೆ ಬೇರೆ ಹಣ ಕೊಡಬೇಕು. ಅಳಿಯ ನೊಜೊಮಿಯಲ್ಲಿ, ಅತ್ತೆ ಮಾವ 'ಹಿಕಾರಿ'ಯಲ್ಲಿ, ಹೇಗಿರುತ್ತೆ?

ಇನ್ನು ಅಳಿಯಂದಿರ ಕಾರ್ಡು. ಟೋಕಿಯೋದ ಕಡೆ ಸುಯಿಕಾ, ಕ್ಯೋಟೋ ಒಸಾಕಾ ಕಡೆ ಇಕೋಕಾ ಅಂತ ಹೆಸರು. ನಮ್ಮ ಬೆಂಗಳೂರು ಮೆಟ್ರೋ ಕಾರ್ಡಿನ ಹಾಗೆಯೇ, ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸುವುದು. 2013ರಿಂದ ಒಂದು ಕಡೆಯ ಕಾರ್ಡು ಇನ್ನೊಂದು ಕಡೆಯೂ ನಡೆಯುತ್ತದೆ. ಸುರಂಗ ರೈಲು, ಸಿಟಿ ಬಸ್ಸು, ಮೂಲೆ ಅಂಗಡಿಯಲ್ಲಿ ಹಾಲು ಬಾಳೆಹಣ್ಣು, ಎಲ್ಲಕ್ಕೂ ಅದೇ. ಕ್ಯೋಟೋದ ಚಿನ್ನದ ಮಂಟಪಕ್ಕೆ ಬಸ್ಸಿನಲ್ಲೇ ಹೋಗಬೇಕು, ರೈಲು ಪಾಸು ಅಲ್ಲಿ ಕೆಲಸಕ್ಕೆ ಬರದು, ಕಾರ್ಡು ಬರುತ್ತದೆ. ಆದರೆ ಕಾರ್ಡಿನಲ್ಲಿ 20,000 ಯೆನ್‌ಗಿಂತ ಹೆಚ್ಚು ತುಂಬಿಸಲಾಗದು. ಟೋಕಿಯೋದಲ್ಲಿ ಮುಟ್ಟಿಸಿ ಕ್ಯೋಟೋದಲ್ಲಿ ಇಳಿಯುವುದೂ ಆಗದು. ಬುಲೆಟ್ ರೈಲಿಗೆ ಟಿಕೆಟ್ ಬೇರೆಯೇ ತೆಗೆಯಬೇಕು. ಅಳಿಯಂದಿರು ಈ ಅರ್ಧ ಹೇಳಲಿಲ್ಲ.

ಹಾಗಾಗಿ ನನ್ನ ಸಲಹೆ ಇದು: ಪಾಸು ಬೇಡ. ದೂರದ ಮೂರು ಪ್ರಯಾಣಕ್ಕೆ ಅಲ್ಲಿಯೇ ಟಿಕೆಟ್, ಊರೊಳಗೆ ಕಾರ್ಡು. ಕಾರ್ಡು ಒಬ್ಬರಿಗೊಂದು, ಗಂಡ ಹೆಂಡತಿ ಒಂದರಲ್ಲೇ ಗೇಟು ದಾಟಲಾಗದು. ಒಂದಕ್ಕೆ 500 ಯೆನ್ ಠೇವಣಿ. ಸುಯಿಕಾ ಹಿಂದಿರುಗಿಸುವುದಿದ್ದರೆ ಟೋಕಿಯೋ ಕಡೆಯ ನಿಲ್ದಾಣದಲ್ಲೇ, ಕ್ಯೋಟೋದಲ್ಲಿ ತೆಗೆದುಕೊಳ್ಳುವುದಿಲ್ಲ. ಹೆಸರು ನಮೂದಿಸಿದ ಕಾರ್ಡು ಕೊಳ್ಳಿ, ಕಳೆದರೆ ಬದಲಿ ಸಿಗುತ್ತದೆ. ತುಂಬಿಸುವ ಯಂತ್ರಗಳು ಹೆಚ್ಚಾಗಿ ನೋಟನ್ನೇ ಕೇಳುತ್ತವೆ, ಆದ್ದರಿಂದ ಪರ್ಸಿನಲ್ಲಿ ಸಾವಿರ ಯೆನ್‌ನ ನಾಲ್ಕಾರು ನೋಟು ಇರಲಿ.

ಉಳಿದ ಐದು ಸಾವಿರ ಯೆನ್ ತಲೆಗೆ, ಇಬ್ಬರಿಗೆ ಹತ್ತು. ಮೊಮ್ಮಗುವಿಗೆ ಏನಾದರೂ ತನ್ನಿ.

ಬಾಣಂತಿ ಸಾಮಾನಿನ ದೊಡ್ಡ ಸೂಟ್‌ಕೇಸನ್ನು ಮಗಳ ಮನೆಯಲ್ಲೇ ಬಿಟ್ಟು ಹೊರಡಿ. ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರು ಮೀರಿದರೆ ಆ ರೈಲಿನಲ್ಲಿ ಅದಕ್ಕೆಂದೇ ಇರುವ ಹಿಂದಿನ ಸಾಲಿನ ಸೀಟು ಮೊದಲೇ ಕಾದಿರಿಸಬೇಕು. ಹಾಗೆ ಮಾಡದಿದ್ದರೆ 1,000 ಯೆನ್ ತೆರಬೇಕಾಗುತ್ತದೆ.