ಗಂಜಿ ಬೇಯಿಸುವುದಕ್ಕೂ ಡಿಗ್ರಿಯೇ?

ಹೋಮ್ ಸೈನ್ಸ್ ಅಂದರೆ ನಮ್ಮೂರಿನಲ್ಲಿ ಇಂದಿಗೂ ಗಂಡು ಗೊತ್ತಾಗುವವರೆಗಿನ ಓದು. ಅದನ್ನೇ ಮೂವತ್ತು ವರ್ಷ ಪಾಠ ಮಾಡಿದ ನನ್ನೆದುರಿಗೇ ತಂದೆಯೊಬ್ಬರು ಕೇಳಿದ್ದರು: "ಗಂಜಿ ಬೇಯಿಸುವುದಕ್ಕೂ ಡಿಗ್ರಿ ಬೇಕೇ ಮೇಡಂ?" ಮುಂದೆ ಅವರ ಮಗಳು ತಾಯಿ-ಮಕ್ಕಳ ಪೌಷ್ಟಿಕತೆಯ ಕೆಲಸಕ್ಕೆಂದು ಆಫ್ರಿಕಕ್ಕೆ ಹೊರಟಳು ನೋಡಿ, ರಾಗವೇ ಬದಲಾಯಿತು. "ಫಾರಿನ್ನಿನಲ್ಲಿದ್ದಾಳೆ!" ಗಂಜಿ ಅದೇ, ಕೂಸೂ ಅದೇ. ಮರ್ಯಾದೆ ಸಿಕ್ಕಿದ್ದು ವಿಮಾನದ ಟಿಕೆಟ್ಟಿಗೆ. ಆ ತಾತ್ಸಾರದ ಮೇಲೆ ನನಗೆಷ್ಟು ಸಿಟ್ಟೋ, ಈ ಬೆರಗಿನ ಮೇಲೂ ಅಷ್ಟೇ.

ಈ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಸಿಸಿಲಿ ವಿಲಿಯಮ್ಸ್ ಒಬ್ಬಳು. 1893ರಲ್ಲಿ ಜಮೈಕಾದಲ್ಲಿ ಹುಟ್ಟಿದ ವೈದ್ಯೆ. 1929ರಲ್ಲಿ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ, ಕೆಲಸಕ್ಕೆ ಹೋದಳು. ಅಲ್ಲಿ ಕೈಕಾಲು ಊದಿ, ಚರ್ಮ ಸುಲಿದು, ಕೂದಲು ಕೆಂಚಾಗಿ ಮಕ್ಕಳು ಸಾಯುತ್ತಿದ್ದವು. ಗಾ ನುಡಿಯಾಡುವ ಅಲ್ಲಿನ ಹೆಂಗಸರು ಆ ಕಾಯಿಲೆಗೆ ಆಗಲೇ ಹೆಸರಿಟ್ಟಿದ್ದರು: ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ತಾಯ ಮಡಿಲು ತಪ್ಪಿದ ಹಿಂದಿನ ಕೂಸಿಗೆ ಬರುವ ಕಾಯಿಲೆ ಎಂದರ್ಥ. ಎದೆಹಾಲು ತಪ್ಪಿದ ಮೇಲೆ ಅದಕ್ಕೆ ಉಳಿದದ್ದು ಬರೀ ಮೆಕ್ಕೆಜೋಳದ ಗಂಜಿ. ಕಾರಣದ ಸುಳಿವು ಹೆಸರಿನಲ್ಲೇ ಇತ್ತಲ್ಲ! ಸಿಸಿಲಿ ಆ ಹೆಸರನ್ನೇ ಇಟ್ಟುಕೊಂಡು 1935ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದಳು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ 'ಹಾಲು ಮತ್ತು ಕೊಲೆ' ಎಂದು ಭಾಷಣ ಮಾಡಿ, ಎಳೆಗೂಸುಗಳಿಗೆಂದು ಸಿಹಿ ಡಬ್ಬಿಹಾಲು ಮಾರುವವರನ್ನು ಝಾಡಿಸಿದಳು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗಕ್ಕೆ ಮೊದಲ ಮುಖ್ಯಸ್ಥೆಯಾದಳು. ಕೇಳಿಸಿಕೊಂಡವಳ ಹೆಸರು ಉಳಿಯಿತು, ಸಂತೋಷ. ಹೇಳಿಕೊಟ್ಟ ತಾಯಂದಿರ ಹೆಸರನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿಲ್ಲ.

ಇವತ್ತು ಯುನಿಸೆಫ್‌ನಂಥ ಕಡೆ ಅಧಿಕಾರಿಯಾಗಲು ಸ್ನಾತಕೋತ್ತರ ಪದವಿ ಬೇಕು. ಪಶ್ಚಿಮ ಆಫ್ರಿಕದ ಎಷ್ಟೋ ದೇಶಗಳಲ್ಲಿ ಫ್ರೆಂಚೂ ಬೇಕು. ಕಲಿಯಲಿ, ಬೇಡವೆಂದವರಾರು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೂರವೇನಲ್ಲ. ಆದರೆ ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿ ಇದೆಯಲ್ಲ, ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಸಣ್ಣದಿದ್ದರೆ ಕೆಂಪು ತೋರಿಸುತ್ತದೆ. ನೈಜರಿನಲ್ಲೂ ಅಷ್ಟೇ, ರಾಯಚೂರಿನಲ್ಲೂ ಅಷ್ಟೇ. ತಾಯಿ ಬೆಳಗಾಗುವ ಮುಂಚೆ ಹತ್ತಿ ಬಿಡಿಸಲು ಹೋಗಿದ್ದಾಳೆ, ಕೂಸು ಆರು ವರ್ಷದ ಅಕ್ಕನ ಸೊಂಟದ ಮೇಲಿದೆ ಎಂಬುದನ್ನು ಪಟ್ಟಿ ಹೇಳೀತೇ? ಅದು ಗೊತ್ತಿರುವುದು ಅಂಗನವಾಡಿ ಟೀಚರಿಗೆ.

ಅವಳನ್ನು ಕೇಳುವವರು ಯಾರು? 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ತಿ. ನರಸೀಪುರವೂ ಆ ಪಟ್ಟಿಯಲ್ಲಿತ್ತು. ಅಷ್ಟು ಹಳೆಯ ಅನುಭವ ನಮ್ಮದು. ಆದರೂ 2017ರಲ್ಲಿ 'ಮಾತೃಪೂರ್ಣ' ಬಂದಾಗ ಗರ್ಭಿಣಿ-ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣಬೇಕೆಂದರು. ಉದ್ದೇಶ ಒಳ್ಳೆಯದೇ. ಮನೆಗೆ ಕೊಟ್ಟ ಕಾಳು ಮನೆಮಂದಿಯ ಪಾಲಾಗಿ ಬಸುರಿಗೆ ಉಳಿಯುವುದಿಲ್ಲ, ಗೊತ್ತಿದ್ದದ್ದೇ. ಆದರೆ ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಗುಡ್ಡ, ಹಳ್ಳ. ತುಂಬು ಬಸುರಿ ದಿನಾ ಹತ್ತಿಳಿದು ಬರಬೇಕೇ? ಹಸಿ ಬಾಣಂತಿ ಹೊಸಿಲು ದಾಟಬೇಕೇ? ಬಹಳ ಮಂದಿ ಬರಲಿಲ್ಲ. "ಜನಕ್ಕೆ ಅರಿವಿಲ್ಲ" ಎಂಬ ಸಿದ್ಧ ಮಾತು ಇದ್ದೇ ಇದೆ. ಅರಿವಿಲ್ಲದ್ದು ಯಾರಿಗೆ, ನೀವೇ ಹೇಳಿ.

ಆಫ್ರಿಕಕ್ಕೆ ಹೋದ ನನ್ನ ಶಿಷ್ಯೆ ಅದಕ್ಕೂ ಮೊದಲು ಎರಡು ವರ್ಷ ಅಂಗನವಾಡಿಗಳನ್ನು ಸುತ್ತಿದ್ದಳು. ಅರ್ಜಿಯಲ್ಲಿ ಅದು 'ಕ್ಷೇತ್ರಾನುಭವ' ಎನಿಸಿತು, ಕೆಲಸವನ್ನೂ ಕೊಡಿಸಿತು. ಅವಳಿಗೆ ತಾಯಂದಿರ ಜೊತೆ ಮಾತಾಡುವುದನ್ನು ಕಲಿಸಿದ ಟೀಚರಿಗೆ ಇಪ್ಪತ್ತೆರಡು ವರ್ಷದ ಅನುಭವ. ಅದಕ್ಕೆ ಹೆಸರು 'ಸೇವೆ'! ಸಿಗುವುದು ಸಂಬಳವಲ್ಲ, ಗೌರವಧನ. ಇಂಥವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹುಡುಗಿಯರನ್ನು ಹೊರದೇಶಕ್ಕೆ ಧಾರಾಳವಾಗಿ ಕಳಿಸಿ. ಜೊತೆಗೆ ಈ ಟೀಚರುಗಳಿಗೂ ರಜೆ ಕೊಟ್ಟು, ಸಂಬಳ ಕೊಟ್ಟು, ಪೌಷ್ಟಿಕತೆಯ ಪದವಿಗೆ ಸೀಟು ಕೊಡಿ. ಆಗ ಅಂಗನವಾಡಿ ನಡೆಸುವವರಾರು ಎಂದು ಅಧಿಕಾರಿಗಳು ಕೇಳಿಯಾರು. ಅವಳು ಹೆರಿಗೆ ರಜೆಗೆ ಹೋದಾಗ ಯಾರು ನಡೆಸುತ್ತಾರೋ ಅವರೇ ನಡೆಸಲಿ.